ಒಂಟಿ ಕೋಣೆ ಬೇಡ ಮಗಳೇ

ಸಾಗರ

ಚಿ. ಸಿಂಧುವಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಬೆಂಗಳೂರಿನ ಪಿಜಿಯಲ್ಲಿ ನೀನು ಒಬ್ಬಳೇ ಇರುವ ಕೋಣೆಗೆ ಹೋಗುತ್ತಿದ್ದೀಯ ಎಂದು ನಿನ್ನ ಅಮ್ಮ ಹೇಳಿದಳು. ಜೊತೆಯ ಹುಡುಗಿಗೆ ಫಿಟ್ಸ್ ವಿಷಯ ಗೊತ್ತಾದೀತು ಎಂಬುದೇ ಕಾರಣವಂತೆ. ಅದನ್ನು ಕೇಳಿದಾಗಿನಿಂದ ನನಗೆ ನಿದ್ದೆಯಿಲ್ಲ. ಯಾಕೆಂದು ಇದುವರೆಗೆ ನಿನಗೆ ಯಾರೂ ಹೇಳಿಲ್ಲ, ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ನಿನ್ನ ಚಿಕ್ಕ ಮಾವ ಹೃದಯ ನಿಂತು ಹೋದ ಎಂದಷ್ಟೇ ನೀನು ಕೇಳಿದ್ದೀಯ. ಅವನಿಗೂ ಮೂರ್ಛೆರೋಗವಿತ್ತು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದು ರಾತ್ರಿ ಉಳಿದಿದ್ದರು. ಅವರೆದುರು ಅವನಿಗೆ ಫಿಟ್ಸ್ ಬಂದರೆ ಸಂಬಂಧ ತಪ್ಪುತ್ತದೆಂದು ಅವನನ್ನು ಉಪ್ಪರಿಗೆಯಲ್ಲಿ ಮಲಗಿಸಿದೆವು. ಹಾಸಿಗೆ ಹೊತ್ತುಕೊಂಡು ಹೋಗಿ ಹಾಸಿದವಳು ನಾನೇ. ಅವನ ಮಾತ್ರೆಯ ಡಬ್ಬಿ ಜಗಲಿಯ ಗೂಡಿನಲ್ಲಿತ್ತು, ನೆಂಟರು ಮಲಗಿದ್ದ ಕಡೆ. ತೆಗೆಯಲು ಸಂಕೋಚವಾಗಿ, ಒಂದು ರಾತ್ರಿ ತಾನೇ ಎಂದು ಬಿಟ್ಟೆವು. ಬೆಳಿಗ್ಗೆ ಕಾಫಿ ಹಿಡಿದು ಹತ್ತಿದಾಗ ಅವನು ಬೋರಲಾಗಿ ಮಲಗಿದ್ದ. ಹೊದಿಕೆ ಕಾಲಿಗೆ ಹಗ್ಗದಂತೆ ಸುತ್ತಿಕೊಂಡಿತ್ತು, ಮುಖ ದಿಂಬಿನೊಳಗೆ ಹೂತಿತ್ತು. ಅವನಿಗೆ ಆಗ 24 ವರ್ಷ.

ಇಂಥ ಸಾವಿಗೆ ಹೆಸರಿದೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಪಸ್ಮಾರ, ಅಂದರೆ ಇದೇ ಮೂರ್ಛೆರೋಗ, ಇರುವವರಿಗೆ ಬೇರೆ ಯಾವ ಕಾರಣವೂ ಕಾಣದೆ ದಿಢೀರನೆ ಬರುವ ಸಾವನ್ನು ವೈದ್ಯರು ಸುಡೆಪ್ ಎನ್ನುತ್ತಾರೆ. ಹೆಚ್ಚಾಗಿ ನಿದ್ದೆಯಲ್ಲೇ ಆಗುತ್ತದೆ. ಮೈಯೆಲ್ಲ ಸೆಟೆದು ಅದುರುವ ದೊಡ್ಡ ಫಿಟ್ಸ್ ನಿಂತ ಮೇಲೆ ಕೆಲವರಿಗೆ ಉಸಿರು ಕುಗ್ಗುತ್ತಾ ಹೋಗಿ, ಹಿಂದೆಯೇ ಹೃದಯವೂ ನಿಲ್ಲುತ್ತದೆ. ಬೋರಲಾಗಿ ಬಿದ್ದವರಿಗೆ ತಾವಾಗಿ ಹೊರಳಲು ಎಚ್ಚರವಿರುವುದಿಲ್ಲ.

ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ ಮಗಳೇ. ಈ ಕಾಯಿಲೆಯಿರುವ ಸಾವಿರ ವಯಸ್ಕರಲ್ಲಿ ವರ್ಷಕ್ಕೆ ಸುಮಾರು ಒಬ್ಬರಿಗೆ ಹೀಗಾಗುತ್ತದೆ, ಅಷ್ಟೇ. ಫಿಟ್ಸ್ ಪೂರ್ತಿ ಹತೋಟಿಯಲ್ಲಿದ್ದವರಿಗೆ ಅಪಾಯ ಇನ್ನೂ ಬಹಳ ಕಡಿಮೆ. ಆದರೆ ವರ್ಷಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ದೊಡ್ಡ ಫಿಟ್ಸ್ ಬರುವವರಿಗೆ ಅದು ಹಲವು ಪಟ್ಟು ಏರುತ್ತದೆ. ನಿನಗೆ ಈ ವರ್ಷವೇ ಎರಡು ಸಲ ಬಂದಿದೆ. ಒಂಟಿಯಾಗಿ ಇರುವವರಿಗೆ ಅಪಾಯ ಸುಮಾರು ಐದು ಪಟ್ಟು ಎಂದು ಸ್ವೀಡನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಅದನ್ನು ಓದಿದ ದಿನ ನಾನು ಉಪ್ಪರಿಗೆ ಮೆಟ್ಟಿಲ ಮೇಲೆ ಕುಳಿತು ಅತ್ತೆ.

ಆದ್ದರಿಂದ ಒಂಟಿ ಕೋಣೆ ಬೇಡ. ಜೊತೆಯ ಹುಡುಗಿಗೆ ಬಾಯಿಬಿಟ್ಟು ಹೇಳು. ಫಿಟ್ಸ್ ಬಂದರೆ ಗಡಿಯಾರ ನೋಡಲಿ, ಅದುರುವ ಕೈಕಾಲುಗಳನ್ನು ಒತ್ತಿ ಹಿಡಿಯದಿರಲಿ, ಸಾಧ್ಯವಾದ ಕೂಡಲೇ ನಿನ್ನನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಲಿ. ಬಾಯಿಗೆ ಚಮಚ ತುರುಕುವುದು, ನೀರು ಹಾಕುವುದು, ಕೈಗೆ ಬೀಗದ ಕೈ ಕೊಡುವುದು ಯಾವುದೂ ಬೇಡ. ಐದು ನಿಮಿಷವಾದರೂ ನಿಲ್ಲದಿದ್ದರೆ, ಅಥವಾ ಎಚ್ಚರವಾಗದೆ ಮತ್ತೆ ಬಂದರೆ 108ಕ್ಕೆ ಕರೆ ಮಾಡಲಿ. ನಿಂತ ಮೇಲೂ ನೀನು ಸರಿಯಾಗಿ ಮಾತನಾಡುವವರೆಗೆ ನಿನ್ನ ಉಸಿರು ನೋಡುತ್ತಾ ಪಕ್ಕದಲ್ಲೇ ಕುಳಿತಿರಲಿ. ಈ ಕೊನೆಯದನ್ನು ಒತ್ತಿ ಹೇಳು.

ಮಾತ್ರೆಯ ವಿಷಯ ನಿನಗೇ ಗೊತ್ತು. ಮುಗಿಯುವ ಒಂದು ವಾರ ಮೊದಲೇ ತಂದಿಟ್ಟುಕೊ. ಒಂದು ಹೊತ್ತು ಮರೆತರೆ ಏನು ಮಾಡಬೇಕೆಂದು ಈಗಲೇ ವೈದ್ಯರನ್ನು ಕೇಳಿ ಬರೆದಿಟ್ಟುಕೊ. ಮಾತ್ರೆ ತೆಗೆದುಕೊಂಡೂ ಫಿಟ್ಸ್ ಬರುತ್ತಿದೆ ಎಂದರೆ ಹಣೆಬರಹ ಎಂದು ಸುಮ್ಮನಿರಬೇಡ. ನಿಮ್ಹಾನ್ಸ್ ನೀನಿರುವ ಬೆಂಗಳೂರಿನಲ್ಲೇ ಇದೆ, ಹೋಗಿ ತೋರಿಸು. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರಕ್ಕೆ ಎಪ್ಪತ್ತು ಜನ ಫಿಟ್ಸ್ ಇಲ್ಲದೆ ಬದುಕಬಹುದು. ಸುಡೆಪ್ ಬಗ್ಗೆ ನೀನೇ ಬಾಯಿ ತೆರೆದು ಕೇಳು, ಕೆಲವು ವೈದ್ಯರು ರೋಗಿ ಹೆದರಿಯಾರೆಂದು ತಾವಾಗಿ ಹೇಳುವುದಿಲ್ಲ. ಶಿವರಾತ್ರಿಯ ಜಾಗರಣೆ ನಿನಗೆ ಬೇಡ, ನಿದ್ದೆಗೆಟ್ಟರೆ ಫಿಟ್ಸ್ ಬರಬಹುದು. ನಿನ್ನ ಪಾಲಿನದನ್ನು ನಾನು ಮಾಡುತ್ತೇನೆ. ಸ್ನಾನಕ್ಕೆ ಹೋದಾಗ ಒಳಗಿನ ಚಿಲಕ ಹಾಕಬೇಡ. ಊರಿಗೆ ಬಂದಾಗ ಕೆರೆಗೆ ಒಬ್ಬಳೇ ಇಳಿಯುವುದೂ ಬೇಡ.

ಸಂಬಂಧ ತಪ್ಪೀತು ಎಂಬ ಚಿಂತೆ ನಿನ್ನ ಅಮ್ಮನಿಗೆ ಇನ್ನೂ ಇದೆ. ಮದುವೆಗೆ ಅಪಸ್ಮಾರ ಅಡ್ಡಿ ಎಂಬ ಮಾತನ್ನು ಹಿಂದೂ ವಿವಾಹ ಕಾಯ್ದೆಯಿಂದಲೇ 1999ರಲ್ಲಿ ತೆಗೆದುಹಾಕಿದ್ದಾರೆ ಎಂದು ಅವಳಿಗೆ ಹೇಳಿದ್ದೇನೆ. ಅಂದು ಬಂದಿದ್ದ ಗಂಡೇ ನಿನ್ನ ದೊಡ್ಡಪ್ಪ. ಮದುವೆಯಾಗಿ ಎಷ್ಟೋ ಕಾಲದ ಮೇಲೆ ಅವರಿಗೆ ಉಪ್ಪರಿಗೆಯ ವಿಷಯ ಹೇಳಿದೆ. "ಮೊದಲೇ ಹೇಳಿದ್ದರೆ ನಾನೇ ಅವನ ಪಕ್ಕ ಮಲಗುತ್ತಿದ್ದೆನಲ್ಲ" ಎಂದರು.

ಗುರುವಾರ ರಾತ್ರಿಯ ಬಸ್ಸಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸುತ್ತೇನೆ. ಎರಡು ಬಾಟಲಿ ಇರುತ್ತವೆ, ಒಂದು ನಿನ್ನ ಜೊತೆಯ ಹುಡುಗಿಗೆ. ಅದನ್ನು ಅವಳಿಗೆ ಕೊಡುವಾಗಲೇ ವಿಷಯವನ್ನೂ ಹೇಳು. ಅವಳ ಮೊಬೈಲ್ ಸಂಖ್ಯೆ ನನಗೆ ಕಳಿಸು.

ಇತಿ,
ನಿನ್ನ ದೊಡ್ಡಮ್ಮ