ಬಾಡಿಗೆ ಮನೆಯ ಸಾಲ: ವಸತಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವಸತಿ ಸಚಿವರಿಗೆ ನಮಸ್ಕಾರಗಳು.

ಬಾಡಿಗೆ ಮನೆಗಳ ಚರ್ಚೆ ಎದ್ದಾಗಲೆಲ್ಲ ಮಾತು ಬಾಡಿಗೆ ಎಷ್ಟಿರಬೇಕು ಎಂಬಲ್ಲೇ ಸುತ್ತುತ್ತದೆ. ಸಾಲ ಮಾಡಿ ಒಂದೆರಡು ಮನೆ ಕೊಂಡು ಬಾಡಿಗೆಗೆ ಕೊಟ್ಟವರು ಸೋಲುವುದು ಬೇರೆ ಕಡೆ. ಕಂತು ತಿಂಗಳು ತಪ್ಪದೆ ಕಟ್ಟಬೇಕು. ಬಾಡಿಗೆ ಹಾಗೆ ಬರುವುದಿಲ್ಲ.

ತಿಂಗಳ ಬಾಡಿಗೆ 100 ಎಂದಿಟ್ಟುಕೊಳ್ಳಿ, ವರ್ಷಕ್ಕೆ 1,200. ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವ ನಡುವೆ ಒಂದು ತಿಂಗಳು ಹೋದರೆ 1,100. ತೆರಿಗೆ, ವಿಮೆ, ದುರಸ್ತಿ, ಸುಣ್ಣಬಣ್ಣಕ್ಕೆಂದು ವರ್ಷದ ಪೂರ್ತಿ ಬಾಡಿಗೆಯಲ್ಲಿ ಶೇ 30, ಅಂದರೆ 360 ತೆಗೆದಿಟ್ಟರೆ ಉಳಿಯುವುದು 740. ನಿವ್ವಳ ಆದಾಯ ಕಂತಿನ 1.25 ಪಟ್ಟಾದರೂ ಇರಬೇಕು ಎಂಬುದು ಬಾಡಿಗೆ ಆಸ್ತಿಯ ಸಾಲದಲ್ಲಿ ಬಳಕೆಯಲ್ಲಿರುವ ಅಳತೆ. ಆ ಪ್ರಕಾರ ವರ್ಷದ ಕಂತು 592 ದಾಟಬಾರದು, ತಿಂಗಳಿಗೆ ಸುಮಾರು 49. ಬಾಡಿಗೆಯ ಅರ್ಧಕ್ಕಿಂತ ಕಡಿಮೆ! ಸಾಲಗಾರರ ಸಂಬಳವನ್ನಷ್ಟೇ ನೋಡಿ ಸಾಲ ಮಂಜೂರಾದಾಗ ಈ ಲೆಕ್ಕ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ಫ್ಲೋಟಿಂಗ್ ಬಡ್ಡಿ, ಅಂದರೆ ಸಾಲದ ನಡುವೆಯೇ ಏರಿಳಿಯುವ ಬಡ್ಡಿ. 1 ಲಕ್ಷ ಸಾಲಕ್ಕೆ ಶೇ 8ರಂತೆ 20 ವರ್ಷದ ಕಂತು 836. ಮೊದಲ ಕಂತಿನಲ್ಲಿ 667 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಬೀಳುವುದು ಬರೀ 169. ಬಡ್ಡಿ ಆರಂಭದಲ್ಲೇ ಶೇ 9ಕ್ಕೆ ಏರಿ, ಕಂತನ್ನು ಮುಟ್ಟದೆ ಅವಧಿಯನ್ನಷ್ಟೇ ಹಿಗ್ಗಿಸಿದರೆ ಸಾಲ 25 ವರ್ಷ ದಾಟುತ್ತದೆ. ಶೇ 10ಕ್ಕೆ ಏರಿದರೆ? 56 ವರ್ಷ. ಶೇ 10ರಲ್ಲಿ ತಿಂಗಳ ಬಡ್ಡಿಯೇ 833 ಆಗುವುದರಿಂದ ಅಸಲು ಕರಗುವುದೇ ಇಲ್ಲ ಎನ್ನಬಹುದು. ಕಂತು ಬದಲಾಗಲಿಲ್ಲವೆಂದು ಸಾಲಗಾರರು ನೆಮ್ಮದಿಯಲ್ಲಿರುತ್ತಾರೆ. ಆದ್ದರಿಂದ ಬಡ್ಡಿ ಬದಲಾದಾಗಲೆಲ್ಲ ಹೊಸ ಕಂತು, ಹೊಸ ಅವಧಿ, ಉಳಿದ ಒಟ್ಟು ಬಡ್ಡಿ ಮೂರನ್ನೂ ಒಂದೇ ಹಾಳೆಯಲ್ಲಿ ಕೊಟ್ಟು, ಯಾವುದು ಬೇಕೆಂದು ಸಾಲಗಾರರನ್ನು ಕೇಳುವುದು ಕಡ್ಡಾಯವಾಗಲಿ. ಹಣಕಾಸು ಖಾತೆಯವರೊಡನೆ ನೀವೇ ಇದನ್ನು ಮಾತಾಡಬೇಕು.

ತೆರಿಗೆಯ ವಿಷಯ ಚಿಕ್ಕದು: ಕೈಗೆ ಬಂದ ಬಾಡಿಗೆಗೆ ತೆರಿಗೆ ಹಾಕಿ, ಕರಾರಿನಲ್ಲಿ ಬರೆದ ಬಾಡಿಗೆಗಲ್ಲ.

ಮನೆ ಬಿಡುವಾಗ ಮುಂಗಡ ವಾಪಸಿನ ಜಗಳಕ್ಕೆ ಹೆಚ್ಚಾಗಿ ಮೂಲ ನೀರು. ಬಚ್ಚಲಿನ ಕೆಳಗಿನ ಚಾವಣಿ ಒದ್ದೆಯಾದರೆ ಮಾಲೀಕರು ಬಾಡಿಗೆದಾರರತ್ತ ಬೆರಳು ತೋರಿಸುತ್ತಾರೆ, ಅವರು ಇವರತ್ತ. ಮೇಲೆ ಬಣ್ಣ ಬಳಿದರೆ ಮತ್ತೆ ಉಬ್ಬಿ ಉದುರುತ್ತದೆ. ಪರೀಕ್ಷೆ ಕಷ್ಟವೇನಲ್ಲ. ಬಚ್ಚಲಿನ ಬಳಕೆ ನಿಲ್ಲಿಸಿ ಒಣಗಲು ಬಿಡಿ. ಆಗಲೂ ತೇವ ಹೆಚ್ಚುತ್ತಿದ್ದರೆ ಸದಾ ಒತ್ತಡದಲ್ಲಿರುವ ನೀರಿನ ಪೈಪಿನ ಮೇಲೆ ಅನುಮಾನ. ಒಣಗಿದರೆ, ನೀರು ಹೊರಹೋಗುವ ಕಿಂಡಿ ಮುಚ್ಚಿ ನೆಲದ ಮೇಲೆ 25 ಮಿಲಿಮೀಟರ್ ನೀರು 24 ಗಂಟೆ ನಿಲ್ಲಿಸಿ. ಕೆಳಗೆ ತೇವ ಕಂಡರೆ ನೆಲದ ವಾಟರ್‌ಪ್ರೂಫಿಂಗ್ ಹೋಗಿದೆ, ಅದು ಮಾಲೀಕರ ಖರ್ಚು. ಕಿಂಡಿ ತೆರೆದು ನೀರು ಬಿಟ್ಟ ಮೇಲಷ್ಟೇ ತೇವ ಬಂದರೆ ಹೊರಹೋಗುವ ಪೈಪಿನ ಜೋಡಣೆ ನೋಡಬೇಕು.

ಈ ಪರೀಕ್ಷೆಯ ಫಲಿತಾಂಶ, ಮೀಟರ್ ರೀಡಿಂಗ್, ಕೊಟ್ಟ ಕೀಲಿಗಳ ಎಣಿಕೆ, ಗೋಡೆಗಳ ಫೋಟೊ ಇವಿಷ್ಟಕ್ಕೂ ಜಾಗವಿರುವ ಎರಡು ಪುಟದ ಹಸ್ತಾಂತರ ನಮೂನೆಯನ್ನು ನಿಮ್ಮ ಇಲಾಖೆ ಹೊರಡಿಸಲಿ. ಮನೆಗೆ ಬರುವಾಗಲೂ ಬಿಡುವಾಗಲೂ ಇಬ್ಬರೂ ಸಹಿ ಹಾಕಲಿ. ಮುಂಗಡವನ್ನು ಸಾಲದ ಕಂತಿಗೆ ಬಳಸಲಾಗದಂತೆ ಪ್ರತ್ಯೇಕ ಖಾತೆಯಲ್ಲಿಡುವ ನಿಯಮವೂ ಬರಲಿ. ಇದು ಮಾಲೀಕರಾದ ನಮ್ಮ ಕೈಯನ್ನೇ ಕಟ್ಟುತ್ತದೆ, ಗೊತ್ತು. ಆ ನಮೂನೆಯನ್ನೇ ಸಾಕ್ಷಿಯಾಗಿ ಹಿಡಿದು ಬಾಡಿಗೆ ವ್ಯಾಜ್ಯಗಳನ್ನು 60 ದಿನದೊಳಗೆ ತೀರ್ಮಾನಿಸುವ ವ್ಯವಸ್ಥೆ ಮಾಡಿಕೊಡಿ.

ಇಂತಿ,
ಸಾಲದ ಮನೆಗಳ ಸಣ್ಣ ಮಾಲೀಕರು