ಬುಡಾಪೆಸ್ಟ್‌ನಿಂದ ಅಜ್ಜನಿಗೆ: ಆ ಪೆಟ್ಟಿಗೆಯಲ್ಲಿದ್ದ ಕೈ ಯಾರದು?

ಬುಡಾಪೆಸ್ಟ್
ಆಗಸ್ಟ್ 24

ಪ್ರೀತಿಯ ಅಜ್ಜನಿಗೆ ನಿಮ್ಮ ಮೊಮ್ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಲ್ಲಿ ಎಲ್ಲರ ಕ್ಷೇಮಕ್ಕೂ ಬರೆಸಿ.

ನಾನು ಕಳಿಸಿದ ಮೆರವಣಿಗೆಯ ವಿಡಿಯೋ ನೋಡಿ ನೀವು ಅಪ್ಪನನ್ನು ಕೇಳಿದಿರಂತೆ, ‘ಆ ಬಂಗಾರದ ಪೆಟ್ಟಿಗೆಯೊಳಗೆ ಯಾವ ದೇವರ ಮೂರ್ತಿ ಇದೆ?’ ಅಂತ. ಮೂರ್ತಿ ಅಲ್ಲ ಅಜ್ಜಾ, ಮನುಷ್ಯನ ಕೈ. ಒಣಗಿ ಕಂದಾದ, ಮುಷ್ಟಿ ಕಟ್ಟಿದ ಬಲಗೈ. 1038ರಲ್ಲಿ ತೀರಿಕೊಂಡ ರಾಜ ಇಷ್ಟ್ವಾನನದು ಎಂದು ಇಲ್ಲಿನವರು ನಂಬುತ್ತಾರೆ. ಇಂಗ್ಲಿಷ್‌ನಲ್ಲಿ ಅವನಿಗೆ ಸ್ಟೀಫನ್ ಅನ್ನುತ್ತಾರೆ. ಹಂಗೇರಿಯ ಜನರನ್ನು ಕ್ರೈಸ್ತರನ್ನಾಗಿ ಮಾಡಿದವನು ಇವನೇ. ಪ್ರತಿ ಆಗಸ್ಟ್ 20ಕ್ಕೆ ಆ ಕೈಯನ್ನು ಅವನ ಹೆಸರಿನ ದೊಡ್ಡ ಚರ್ಚಿನಿಂದ ಹೊರಗೆ ತಂದು ಬೀದಿಯಲ್ಲಿ ಮೆರೆಸುತ್ತಾರೆ. ರಾತ್ರಿ ಡ್ಯಾನ್ಯೂಬ್ ನದಿಯ ಮೇಲೆ ಪಟಾಕಿ. ಹೊಸ ಗೋಧಿಯ ಬ್ರೆಡ್ಡಿಗೆ ಕೆಂಪು, ಬಿಳಿ, ಹಸಿರು ರಿಬ್ಬನ್ ಕಟ್ಟಿ ಪೂಜೆ ಮಾಡಿಸುವುದೂ ಆವತ್ತೇ.

ಫೋನಿನಲ್ಲಿ ಇಷ್ಟೇ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಈ ರಾಜನ ಕಾನೂನುಗಳನ್ನು ಓದಿದ ಮೇಲೆ ನಿಮಗೆ ಬರೆಯಲೇಬೇಕು ಅನ್ನಿಸಿತು. ಯಾಕೆ ಅಂದರೆ ಅದರಲ್ಲಿ ಎತ್ತುಗಳ ಮಾತಿದೆ.

ಮೊದಲು ಅವನ ಅಪ್ಪನ ಕಥೆ. ಹಂಗೇರಿಯವರು ಆಗ ಕುದುರೆ ಮೇಲೆ ಹೋಗಿ ಯುರೋಪಿನ ಊರೂರನ್ನೂ ಕೊಳ್ಳೆ ಹೊಡೆಯುತ್ತಿದ್ದ ಜನ. 955ರಲ್ಲಿ ಜರ್ಮನ್ ರಾಜ ಒಟ್ಟೊ ಅವರನ್ನು ಆಗ್ಸ್‌ಬರ್ಗ್ ಹತ್ತಿರ ಚೆನ್ನಾಗಿ ಬಡಿದು ಕಳಿಸಿದ. ಪಶ್ಚಿಮದ ಕಡೆ ಕೊಳ್ಳೆ ಅಲ್ಲಿಗೆ ನಿಂತಿತು. ಒಂದು ಕಡೆ ಜರ್ಮನರು, ಇನ್ನೊಂದು ಕಡೆ ಬೈಜಾಂಟೈನ್ ಸಾಮ್ರಾಜ್ಯ, ನಡುವೆ ಇವರು. ನೆರೆಯವರ ದೇವರನ್ನು ಒಪ್ಪದಿದ್ದರೆ ಉಳಿಗಾಲವಿಲ್ಲ ಎಂದು ಇಷ್ಟ್ವಾನನ ಅಪ್ಪ ಗೇಜಾಗೆ ಅರ್ಥವಾಯಿತು. ಪಾದ್ರಿಗಳನ್ನು ಕರೆಸಿಕೊಂಡ, ದೀಕ್ಷೆಯನ್ನೂ ತಗೊಂಡ, ಹಳೆಯ ದೇವರುಗಳಿಗೆ ಬಲಿ ಕೊಡುವುದನ್ನು ಮಾತ್ರ ಬಿಡಲಿಲ್ಲ. ಇದೇನು ಎಂದು ಕೇಳಿದ್ದಕ್ಕೆ ‘ಇಬ್ಬರನ್ನೂ ಸಾಕುವಷ್ಟು ಶ್ರೀಮಂತ ನಾನು’ ಎಂಬರ್ಥದಲ್ಲಿ ಹೇಳಿದನಂತೆ. ನನಗೆ ಇಷ್ಟವಾದವನು ಇವನೇ, ನಿಜ ಹೇಳಬೇಕೆಂದರೆ.

ಮಗ ಹಾಗಲ್ಲ. ಹುಟ್ಟಿದಾಗ ಅವನ ಹೆಸರು ವಾಯ್ಕ್. ದೀಕ್ಷೆಯಾದ ಮೇಲೆ ಇಷ್ಟ್ವಾನ್ ಆದ. ಬವೇರಿಯಾದ ರಾಜಮನೆತನದ ಗಿಜೆಲಾಳನ್ನು ಮದುವೆಯಾದ. 997ರಲ್ಲಿ ಗೇಜಾ ತೀರಿಕೊಂಡಾಗ ಶುರುವಾಯಿತು ಜಗಳ. ಹಳೇ ಪದ್ಧತಿಯಲ್ಲಿ ಪಟ್ಟ ಮಗನಿಗಲ್ಲ, ಮನೆತನದ ಹಿರಿಯ ಗಂಡಸಿಗೆ. ಸತ್ತವನ ಹೆಂಡತಿಯನ್ನು ಮದುವೆಯಾಗುವ ಹಕ್ಕೂ ಅವನದೇ. ಆ ಲೆಕ್ಕದಲ್ಲಿ ಬಾಲಟೋನ್ ಸರೋವರದ ದಕ್ಷಿಣಕ್ಕಿದ್ದ ನೆಂಟ ಕೊಪ್ಪಾನ್ ಬಂದು ರಾಜ್ಯವನ್ನೂ ಕೇಳಿದ, ಇಷ್ಟ್ವಾನನ ತಾಯಿಯನ್ನೂ ಕೇಳಿದ. ಹೊಸ ಪದ್ಧತಿಯಲ್ಲಿ ಪಟ್ಟ ಮಗನಿಗೆ. ವೆಸ್‌ಪ್ರೇಮ್ ಹತ್ತಿರ ಯುದ್ಧವಾಯಿತು. ಜರ್ಮನ್ ಸವಾರರ ಬಲದಿಂದ ಇಷ್ಟ್ವಾನ್ ಗೆದ್ದ. ಕೊಪ್ಪಾನನ ಹೆಣವನ್ನು ನಾಲ್ಕು ತುಂಡು ಮಾಡಿ ನಾಲ್ಕು ಕೋಟೆಗಳ ಬಾಗಿಲಿಗೆ ತೂಗುಹಾಕಿದರು. ಧರ್ಮಯುದ್ಧ ಅಂತ ಇದನ್ನು ಹೇಳುವವರಿದ್ದಾರೆ. ನನಗೆ ಇದು ಆಸ್ತಿ ಜಗಳದ ಹಾಗೆಯೇ ಕಾಣುತ್ತದೆ. ನಮ್ಮೂರಲ್ಲೂ ಹೊಲದ ಕೇಸಿನಲ್ಲಿ ದೇವರ ಹೆಸರು ಬರುವುದಿಲ್ವಾ?

1000ನೇ ಇಸವಿಯ ಕ್ರಿಸ್‌ಮಸ್‌ಗೋ ಮರುವರ್ಷದ ಮೊದಲ ದಿನವೋ ಅವನಿಗೆ ಕಿರೀಟ ಇಟ್ಟರು. ಕಿರೀಟವನ್ನು ಪೋಪ್ ಕಳಿಸಿದ ಎಂಬುದು ಪ್ರತೀತಿ. ಈಗ ಪಾರ್ಲಿಮೆಂಟಿನಲ್ಲಿ ಇಟ್ಟಿರುವ ಕಿರೀಟಕ್ಕೂ ಅವನದೇ ಹೆಸರು. ಆದರೆ ಅದರ ಕೆಳಗಿನ ಭಾಗ ಅವನು ಸತ್ತು ಎಷ್ಟೋ ವರ್ಷದ ಮೇಲಿನದು. ಮೇಲಿನ ಶಿಲುಬೆ ಸೊಟ್ಟಗಾಗಿದೆ, ಯಾರೂ ನೆಟ್ಟಗೆ ಮಾಡಿಲ್ಲ.

ಇನ್ನು ಕಾನೂನುಗಳಿಗೆ ಬರುತ್ತೇನೆ. ಪ್ರತಿ ಹತ್ತು ಹಳ್ಳಿ ಸೇರಿ ಒಂದು ಚರ್ಚು ಕಟ್ಟಬೇಕು. ಅದಕ್ಕೆ ಎರಡು ಮನೆಯ ಜಮೀನು, ಎರಡು ಆಳು, ಒಂದು ಗಂಡು ಕುದುರೆ, ಒಂದು ಹೆಣ್ಣು ಕುದುರೆ, 6 ಎತ್ತು, 2 ಹಸು, 30 ಸಣ್ಣ ಜಾನುವಾರು ಕೊಡಬೇಕು. ಬಟ್ಟೆಬರೆ ರಾಜ ಕೊಡುತ್ತಾನೆ, ಪಾದ್ರಿಯನ್ನೂ ಪುಸ್ತಕವನ್ನೂ ಬಿಷಪ್ ಕೊಡುತ್ತಾನೆ. ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ಚರ್ಚಿಗೆ. ಭಾನುವಾರ ಮುದುಕರು, ಮಕ್ಕಳು, ಹೆಂಗಸರು, ಗಂಡಸರು ಎಲ್ಲರೂ ಚರ್ಚಿಗೆ ಬರಬೇಕು, ಮನೆಯಲ್ಲಿ ಬೆಂಕಿ ಕಾಯುವವರನ್ನು ಬಿಟ್ಟು. ಒಳಗೆ ಕೂತು ಗುಸುಗುಸು ಮಾತಾಡಿದರೆ ದೊಡ್ಡವರನ್ನು ಮರ್ಯಾದೆ ತೆಗೆದು ಹೊರಗೆ ಹಾಕುವುದು. ಸಾಮಾನ್ಯರ ಹುಡುಗರಾದರೆ ಚರ್ಚಿನ ಹೊರಾಂಗಣದಲ್ಲಿ ಕಟ್ಟಿಹಾಕಿ, ಛಡಿಯೇಟು ಕೊಟ್ಟು, ತಲೆಗೂದಲು ಕತ್ತರಿಸುವುದು. ಮಠದ ಪ್ರವಚನದಲ್ಲಿ ನೀವೂ ನಿಮ್ಮ ಗೆಳೆಯರೂ ಮಾಡುವ ಹರಟೆಗೆ ಅಲ್ಲಿ ಏನು ಗತಿಯಾಗುತ್ತಿತ್ತೋ!

ಎತ್ತಿನ ವಿಷಯ ಇದು: ಭಾನುವಾರ ಯಾರಾದರೂ ಎತ್ತು ಹೂಡಿ ಕೆಲಸ ಮಾಡುವುದು ಕಂಡರೆ ಒಂದು ಎತ್ತನ್ನು ಕಸಿದು ಊರವರಿಗೆ ಊಟಕ್ಕೆ ಕೊಡಬೇಕು. ಕುದುರೆ ಹೂಡಿದ್ದರೆ ಕುದುರೆ ಕಸಿಯಬೇಕು, ಎತ್ತು ಕೊಟ್ಟು ಬಿಡಿಸಿಕೊಳ್ಳಬಹುದು. ಇದನ್ನು ಓದಿದಾಗ ನಮ್ಮ ಸೋಮವಾರ ನೆನಪಾಯಿತು. ಬಸವಣ್ಣನ ವಾರ, ಗಳೆ ಹೂಡಬಾರದು ಎಂದು ನೀವು ಎಷ್ಟು ಅವಸರವಿದ್ದರೂ ಎತ್ತುಗಳನ್ನು ಹೊರಗೆ ತೆಗೆಯುತ್ತಿರಲಿಲ್ಲ. ನಮ್ಮಲ್ಲಿ ಬಿಡುವು ಎತ್ತಿಗೆ. ಇಲ್ಲಿ ಬಿಡುವು ದೇವರಿಗೆ, ದಂಡವಾಗಿ ಹೋಗುವುದು ಎತ್ತು. ಕಾನೂನು ಬರೆದವನಿಗೆ ರೈತರ ಮನಸ್ಸು ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ. ನಿಮ್ಮ ಎತ್ತನ್ನು ತಿನ್ನಲು ಸಿಕ್ಕರೆ ಅಕ್ಕಪಕ್ಕದವರು ಚಾಡಿ ಹೇಳದೆ ಇರುತ್ತಾರಾ? ಬೇರೆ ಕಾವಲುಗಾರರೇ ಬೇಡ. ಉಪದೇಶಕ್ಕಿಂತ ಜಾಸ್ತಿ ಕೆಲಸ ಇಂಥ ಕಾನೂನುಗಳೇ ಮಾಡಿರಬೇಕು.

ಆದರೂ ಜನ ಪೂರ್ತಿ ಬದಲಾಗಿರಲಿಲ್ಲ. ಇಷ್ಟ್ವಾನನಿಗೆ ಉಳಿದಿದ್ದ ಮಗ ಇಮ್ರೆ ಒಬ್ಬನೇ. ಅವನಿಗೆಂದು ರಾಜನೀತಿಯ ಪುಸ್ತಕವನ್ನೇ ಬರೆಸಿದ್ದ. ಒಂದೇ ಭಾಷೆ, ಒಂದೇ ಆಚಾರ ಇರುವ ರಾಜ್ಯ ದುರ್ಬಲ, ಹೊರಗಿನಿಂದ ಬಂದವರನ್ನು ಚೆನ್ನಾಗಿ ನೋಡಿಕೋ ಎಂಬ ಮಾತು ಅದರಲ್ಲಿದೆ. ಹೊರಗಿನಿಂದ ಬಂದ ನಾನು ಅದನ್ನು ಎರಡು ಸಲ ಓದಿದೆ. 1031ರಲ್ಲಿ ಇಮ್ರೆ ಬೇಟೆಗೆ ಹೋದಾಗ ಕಾಡುಹಂದಿ ಕೊಂದುಹಾಕಿತು. ಆಮೇಲೆ ಪಟ್ಟಕ್ಕೆ ಹತ್ತಿರದವನು ಇಷ್ಟ್ವಾನನ ಚಿಕ್ಕಪ್ಪನ ಮಗ ವಾಜುಲ್. ಅವನ ಕಣ್ಣು ಕೀಳಿಸಿ, ಕಿವಿಗೆ ಕಾಸಿದ ಸೀಸ ಸುರಿಸಿದರು. ಇದು ರಾಣಿಯ ಕಡೆಯವರ ಕೆಲಸ ಎಂದು ಹಂಗೇರಿಯ ಹಳೇ ಚರಿತ್ರೆ ಹೇಳುತ್ತದೆ, ರಾಜನೇ ಮಾಡಿಸಿದ ಎಂದು ಜರ್ಮನರು ಬರೆದಿಟ್ಟಿದ್ದಾರೆ. ಸಂತನಾದ ರಾಜನಿಗೆ ಮಸಿ ಹತ್ತಬಾರದು, ಪರದೇಶದ ರಾಣಿಗೆ ಹತ್ತಿದರೆ ಪರವಾಗಿಲ್ಲ, ಅಲ್ವಾ?

ವಾಜುಲನ ಮಕ್ಕಳು ದೇಶ ಬಿಟ್ಟು ಓಡಿದರು. ರಾಜ ಸತ್ತ ಎಂಟನೇ ವರ್ಷಕ್ಕೆ, 1046ರಲ್ಲಿ, ವಾತಾ ಎಂಬ ನಾಯಕನ ಹಿಂದೆ ಹಳೇ ದೇವರುಗಳ ಜನ ಎದ್ದರು. ಚರ್ಚುಗಳನ್ನು ಸುಟ್ಟರು, ಪಾದ್ರಿಗಳನ್ನು ಕೊಂದರು. ಇಮ್ರೆಯ ಗುರುವಾಗಿದ್ದ ಬಿಷಪ್ ಗೆಲ್ಲೇರ್ಟ್‌ನನ್ನು ನದಿ ಪಕ್ಕದ ಗುಡ್ಡದಿಂದ ಗಾಡಿಗೆ ಹಾಕಿ ಉರುಳಿಸಿದರು. ಆ ಗುಡ್ಡಕ್ಕೆ ಈಗ ಅವನದೇ ಹೆಸರು, ಸೇತುವೆ ಎದುರಿಗೆ ಶಿಲುಬೆ ಎತ್ತಿ ನಿಂತ ಅವನ ಪ್ರತಿಮೆ ಇದೆ. ಈ ದಂಗೆಯ ಬಲದಿಂದಲೇ ವಾಜುಲನ ಮಗ ಆಂದ್ರಾಶ್ ವಾಪಸ್ ಬಂದು ರಾಜನಾದ. ಹಳೇ ದೇವರುಗಳು ಗೆದ್ದವು ಅಂದುಕೊಂಡಿರಬೇಕು ಜನ. ಪಟ್ಟಕ್ಕೆ ಕೂತವನು ಮಾಡಿದ್ದೇನು? ಕ್ರೈಸ್ತ ಧರ್ಮವೇ ನಡೆಯಬೇಕು ಎಂದು ಆಜ್ಞೆ ಹೊರಡಿಸಿದ.

ನನಗೆ ಎಲ್ಲಕ್ಕಿಂತ ಆಶ್ಚರ್ಯ ಇದು ಅಜ್ಜಾ: 1083ರ ಆಗಸ್ಟ್ 20ರಂದು ಇಷ್ಟ್ವಾನನನ್ನು ಸಂತನನ್ನಾಗಿ ಮಾಡಿಸಿದ ರಾಜ ಲಾಸ್ಲೊ ಆ ವಾಜುಲನ ಮೊಮ್ಮಗ. ಅಜ್ಜನ ಕಣ್ಣು ಯಾರ ಆಳ್ವಿಕೆಯಲ್ಲಿ ಹೋಯಿತೋ ಅವನಿಗೇ ಮೊಮ್ಮಗ ಮುಂದೆ ನಿಂತು ಪೂಜೆ ಕಟ್ಟಿಸಿದ. ಸಿಂಹಾಸನ ಗಟ್ಟಿಯಾಗಬೇಕಾದರೆ ಅದನ್ನು ಹಾಕಿದವನು ದೇವರಾದರೆ ಒಳ್ಳೆಯದು, ಅದೂ ಲೆಕ್ಕಾಚಾರವೇ ಇರಬಹುದು. ಕ್ಷಮೆಯೂ ಇದ್ದಿರಬಹುದು. ಆ ಕೈಗೆ ಗೌರವ ಶುರುವಾದದ್ದೂ ಆ ಕಾಲದಲ್ಲೇ.

ಕಮ್ಯುನಿಸ್ಟ್ ಸರ್ಕಾರ ಬಂದಾಗ ಆಗಸ್ಟ್ 20ನ್ನು ಸಂವಿಧಾನದ ದಿನ, ಹೊಸ ಬ್ರೆಡ್ಡಿನ ದಿನ ಎಂದು ಮಾಡಿ ಮೆರವಣಿಗೆ ನಿಲ್ಲಿಸಿದ್ದರು. 1989ರಲ್ಲಿ ಮತ್ತೆ ಶುರುವಾಯಿತು. ಸೋತ ಕೊಪ್ಪಾನನನ್ನೂ ಜನ ಮರೆತಿಲ್ಲ, ಗಂಡುಮಕ್ಕಳಿಗೆ ಆ ಹೆಸರನ್ನು ಈಗಲೂ ಇಡುತ್ತಾರೆ.

ಸೋಮವಾರ ಗಳೆ ಹೂಡಿದವರಿಗೆ ನಿಮ್ಮ ಕಾಲದಲ್ಲಿ ಊರಿನ ದಂಡ ಏನಾದರೂ ಇತ್ತಾ, ಅಥವಾ ಸುಮ್ನೆ ಬೈದು ಬಿಡುತ್ತಿದ್ದರಾ? ಅಪ್ಪನ ಕೈಲಿ ಬರೆಸಿ ಕಳಿಸಿ. ಹೊಲದಲ್ಲಿ ಹೆಸರುಕಾಯಿ ಬಿಡಿಸಿ ಮುಗಿಯಿತಾ, ಮಳೆ ಬಿಡುವು ಕೊಟ್ಟಿದೆಯಾ ಅದನ್ನೂ ತಿಳಿಸಿ. ಅಜ್ಜಿಗೆ ಮಂಡಿನೋವಿನ ಮಾತ್ರೆ ತಪ್ಪಿಸಬೇಡಿ ಎಂದು ಹೇಳಿ.

ನಿಮ್ಮ ಪ್ರೀತಿಯ ಮೊಮ್ಮಗಳು