ದಹಾಬ್ ದಡದ ಆ ಕನ್ನಡಿಗರಿಗೆ

ಈಜಿಪ್ಟಿನ ದಹಾಬ್‌ನಲ್ಲಿ, ಕೆಂಪು ಸಮುದ್ರದ 30 ಮೀಟರ್ ಆಳದಲ್ಲಿ, ಸ್ಕೂಬಾ ಡೈವಿಂಗ್ ಮಾಡುತ್ತಿದ್ದಾಗ, ನನ್ನ ಪೂರ್ಣಮುಖದ ಮಾಸ್ಕಿನ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಉಸಿರಾಟಕ್ಕೆ ಒದಗಿಸುವ ಸಾಧನ) ಕೈಕೊಟ್ಟು ಗಾಳಿ ಬುಸುಗುಟ್ಟುತ್ತಾ ಸೋರತೊಡಗಿತು. ಸಾಮಾನ್ಯ ಮಾಸ್ಕಾದರೆ ಬಾಯಲ್ಲಿರುವುದನ್ನು ಬಿಟ್ಟು ಇನ್ನೊಂದನ್ನು ಕಚ್ಚಿದರಾಯಿತು. ಇದರಲ್ಲಿ ಕಣ್ಣು, ಮೂಗು, ಬಾಯಿ ಎಲ್ಲವೂ ಒಂದೇ ಗೂಡಿನಲ್ಲಿ. ಪಟ್ಟಿಗಳನ್ನು ಸಡಿಲಿಸಿ ಇಡೀ ಮಾಸ್ಕನ್ನೇ ಕಿತ್ತು, ಉಪ್ಪುನೀರಿನಲ್ಲಿ ತಡಕಾಡುತ್ತಾ ಬದಲಿ ರೆಗ್ಯುಲೇಟರ್ ಹುಡುಕಬೇಕು. ಈಜುಕೊಳದಲ್ಲಿ ಹತ್ತಾರು ಸಲ ಮಾಡಿದ್ದೆ. ಅಲ್ಲಿ ಕೈ ನಡುಗಿರಲಿಲ್ಲ.

ಪಕ್ಕದ ತಂಡದಲ್ಲಿದ್ದ ನೀವು ನಿಮ್ಮ ಉದ್ದನೆಯ ಕೊಳವೆಯ ರೆಗ್ಯುಲೇಟರನ್ನು ನನ್ನ ಬಾಯಿಗಿಟ್ಟಿರಿ, ಸೋರುತ್ತಿದ್ದ ಕವಾಟ ತಿರುಗಿಸಿ ಮುಚ್ಚಿದಿರಿ, ನನ್ನ ಜೇಬಿನಿಂದಲೇ ಬಿಡಿ ಮಾಸ್ಕ್ ತೆಗೆದುಕೊಟ್ಟಿರಿ. ಮೇಲೇರುವಾಗ ದೇಹ ಒತ್ತಡದ ಬದಲಾವಣೆಗೆ ಹೊಂದಿಕೊಳ್ಳಲೆಂದು 6 ಮೀಟರ್ ಆಳದಲ್ಲಿ ಮಾಡುವ ನಿಲುಗಡೆ ಮುಗಿಯುವವರೆಗೂ ತೋಳು ಬಿಡಲಿಲ್ಲ (ಆ ಕಂದು ಗುರುತು ಇನ್ನೂ ಮಾಸಿಲ್ಲ). ದಡದಲ್ಲಿ “ಕೂತ್ಕೊಳ್ಳಿ, ಅವಸರವಿಲ್ಲ” ಎಂದ ಕನ್ನಡದ ಮಾತು ಕೇಳಿ ದಂಗಾದೆ. ಹೆಸರು ಕೇಳುವಷ್ಟರಲ್ಲಿ ನಿಮ್ಮ ಜೀಪು ಹೊರಟಿತ್ತು. ಧನ್ಯವಾದ ಸರ್.